ದುಭಾಷಿಯ ‘ನಾನು’

ನಮ್ಮ ಕಸುಬಿನ ಮೊದಲ ಪಾಠ:
‘ಅವರು ಹೀಗೆನ್ನುತ್ತಿದ್ದಾರೆ’ ಎನ್ನಕೂಡದು.
ಅವರ ‘ನಾನು’ ನನ್ನ ಬಾಯಲ್ಲೂ ನಾನೇ.

ಹಾಗಾಗಿ ಗುರುವಾರ ಸಂಜೆ ಆರೂವರೆಗೆ
ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ,
ಮಡಿಸುವ ಕುರ್ಚಿಗಳ ನಡುವೆ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು
ನಾನು ಮೊದಲು ಎಂಜಿನಿಯರ್ ಆದೆ.

‘ನಾನು ತಂದಿರುವುದು ಮೂರು ಪರ್ಯಾಯ’ ಎಂದೆ ಸ್ಪ್ಯಾನಿಷಿನಲ್ಲಿ.
‘ಮೊದಲನೆಯದು: ಏನೂ ಕಟ್ಟದಿರುವುದು.
ಎರಡನೆಯದು: ಎರಡೂ ಬದಿಗೆ ಒಂದೊಂದು ಪಥ.
ಮೂರನೆಯದು: ಟ್ರಕ್ಕುಗಳಿಗಷ್ಟೇ ಮೇಲೊಂದು ರಸ್ತೆ,
ಲಾಂಗ್ ಬೀಚಿನ ಬಂದರಿನಿಂದ ರೈಲು ಯಾರ್ಡಿನವರೆಗೆ.’

ಮೇಜಿನ ಮೇಲೆ ಹಾಸಿದ ನಕ್ಷೆಯಲ್ಲಿ
ನದಿಗೆ ನೀಲಿ. (ಅಸಲಿಗೆ ಅದು ಸಿಮೆಂಟು, ನೀರು ಅಷ್ಟಕ್ಕಷ್ಟೆ.)
ಹೆದ್ದಾರಿಗೆ ಬೂದು, ಬರಲಿರುವುದಕ್ಕೆ ಹಳದಿ.
ಮನೆಗಳಿಗೆ ಬಣ್ಣ ಉಳಿದಿರಲಿಲ್ಲ,
ಬಿಳಿ ಕಾಗದವೇ ಮನೆ.

ಎರ್ಮೆಲಿಂಡಾ ಓರೋಸ್ಕೊ ಕನ್ನಡಕ ತಡಕಿ,
ಬೆರಳಿಟ್ಟು, ಬೀದಿ ಬೀದಿ ದಾಟಿ
ಹಳದಿಯ ಮೇಲೆ ನಿಂತಳು.
‘ಇಲ್ಲಿ ನನ್ನ ನಿಂಬೆಗಿಡವಿದೆ’ ಎಂದೆ ಇಂಗ್ಲಿಷಿನಲ್ಲಿ.
‘ಮೂವತ್ತೊಂದು ವರ್ಷದ್ದು. ಹಣ್ಣು ಕಿತ್ತರೆ
ಸೋಪು ಹಾಕಿ ತೊಳೆಯಬೇಕು, ಮೊದಲ ನೀರು ಮಸಿ.
ಬೆಳಿಗ್ಗೆ ಒರೆಸಿದ ಕಿಟಕಿಯ ಹಲಗೆ
ಸಂಜೆಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಕಪ್ಪು.
ಮೊಮ್ಮಗ ಬರೆಯುತ್ತಾನೆ.
ಅವನು ಅಕ್ಷರ ಕಲಿತದ್ದೇ ಅಲ್ಲಿ.’

ಇಷ್ಟು ಹೇಳಿ ಅವಳು ನಕ್ಕಳು.
ನಗುವಿಗೆ ಅನುವಾದದ ನಿಯಮವಿಲ್ಲ. ಸುಮ್ಮನಿದ್ದೆ.

‘ನನ್ನ ಮನೆ ಹೋಗುತ್ತದೆಯೇ?’ ಎಂದು ಕೇಳಿದೆ.
‘ಇದಿನ್ನೂ ಪೆನ್ಸಿಲ್ ಗೆರೆ’ ಎಂದು ಉತ್ತರಿಸಿದವರೂ ನಾನೇ,
ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ.
ಗೋಡೆಯನ್ನೂ ಕೊಡುತ್ತಾರಂತೆ, ಸದ್ದು ತಡೆಯಲು, ಹದಿನಾಲ್ಕಡಿ.
‘ಹೊಗೆ ತಡೆಯಲು ಎಷ್ಟಡಿ?’ ಹಿಂದಿನ ಸಾಲಿನಿಂದ ಯಾರೋ.
ಅದನ್ನೂ ಕೇಳಿದೆ, ನನ್ನ ದನಿಯಲ್ಲಿ.

ಆಮೇಲೆ ಫಿಡೆನ್ಸಿಯೊ ಎದ್ದ, ಎಣ್ಣೆಗಟ್ಟಿದ ಟೊಪ್ಪಿ ಕೈಯಲ್ಲಿ.
‘ನಾನು ಕಂಟೇನರ್ ಎಳೆಯುವವನು.
ನನಗೆ ಕೂಲಿ ಗಂಟೆಗಲ್ಲ, ಟ್ರಿಪ್ಪಿಗೆ.
ನಿಂತ ಮೂರು ತಾಸಿಗೆ ಕಾಸಿಲ್ಲ.
ಒಂದು ಪಥ ಹೆಚ್ಚಾದರೆ
ಮಗಳು ಉಣ್ಣುವ ಹೊತ್ತಿಗೆ ಮನೆ ಸೇರುತ್ತೇನೆ.
ಮನೆ ಎಂದರೆ ಅದೇ ಬೀದಿ, ಎರ್ಮೆಲಿಂಡಾಳ ಎದುರಿಗೆ.
ಅವರ ನಿಂಬೆಹಣ್ಣು ನಾವೂ ತಿಂದವರು.’
ತುಸು ತಡೆದು, ‘ತೊಳೆದು’ ಎಂದೆ.
ಅಂಗಳ ನಕ್ಕಿತು, ಎರಡು ಕಂತಿನಲ್ಲಿ:
ಅವನನ್ನು ಕೇಳಿದವರು ಮೊದಲು,
ನನ್ನನ್ನು ಕೇಳಿದವರು ಆಮೇಲೆ.

ಒಬ್ಬೊಬ್ಬರಿಗೆ ಎರಡೇ ನಿಮಿಷ, ಅದರಲ್ಲಿ ಅರ್ಧ ನಾನು ತಿಂದದ್ದು.
ಒಂಬತ್ತರ ಹೊತ್ತಿಗೆ
ಹನ್ನೊಂದು ಮನೆ ಕಳೆದುಕೊಂಡಿದ್ದೆ,
ಹನ್ನೊಂದು ಬಾರಿ ‘ಗುರುತು ಹಾಕಿಕೊಂಡಿದ್ದೇನೆ, ಧನ್ಯವಾದ’ ಎಂದಿದ್ದೆ.

ಕೊನೆಗೆ ಎಲ್ಲರಿಗೂ ಅಂಟುಚುಕ್ಕಿ ಹಂಚಿದರು.
ಬೇಕು ಎಂದರೆ ಹಸಿರು, ಬೇಡ ಎಂದರೆ ಕೆಂಪು.
ಎರ್ಮೆಲಿಂಡಾ ಹಸಿರನ್ನು ಆರಿಸಿ
ಉಗುರಿನಿಂದ ಒತ್ತಿ ಒತ್ತಿ ಅಂಟಿಸಿದಳು,
ಹಳದಿ ಗೆರೆಯ ಮೇಲೆ, ಗಿಡವಿದ್ದ ಜಾಗಕ್ಕೆ ಸರಿಯಾಗಿ.
ನಾಳೆ ಎಣಿಸುವವರಿಗೆ ಅದು ಗಿಡವಲ್ಲ, ಒಪ್ಪಿಗೆ.
ನನಗೆ ಗೊತ್ತಿತ್ತು.
ಯಾರೂ ಆಡದ ಮಾತನ್ನು ನಾನು ಆಡುವಂತಿಲ್ಲ.
ಅದು ನಮ್ಮ ಕಸುಬಿನ ಎರಡನೆಯ ಪಾಠ.

ಮನೆಗೆ ಹೊರಟದ್ದು ಅದೇ ಹೆದ್ದಾರಿಯಲ್ಲಿ.
ಮುಂದೆ ಒಂದು ಕೆಂಪು ಕಂಟೇನರ್, ಅದರ ಮುಂದೆ ಇನ್ನೊಂದು,
ಬಂದರಿನವರೆಗೂ ಹಿಂಬದಿಯ ದೀಪಗಳು.
ಗಾಜು ಏರಿಸಿ, ಯಂತ್ರ ಕಳಚಿಟ್ಟು,
‘ನಾನು’ ಎಂದೆ, ಗಟ್ಟಿಯಾಗಿ.

ಮುಂದಿನ ಮಾತು ಬರಲಿಲ್ಲ.
ಮೊದಲು ಯಾರಾದರೂ ಹೇಳಬೇಕಲ್ಲ.